ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟವಳು

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಟೆಸ್ಟು ಒಳ್ಳೆಯದು ಎಂದು. ಎರಡನೆಯದಾಗಿ ಕೇಳುವುದು ಕ್ವಾರ್ಟರ್ಸ್ ಸಿಗುತ್ತದಾ ಎಂದು. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಖಚಿತವಾದ ಉತ್ತರವಿದೆ, ಸಿಗುವುದಿಲ್ಲ. ಮೊದಲನೆಯದಕ್ಕೆ ಒಂದೇ ಮಾತಿನಲ್ಲಿ ಹೇಳಲಾರದೆ ಇದನ್ನು ಬರೆಯುತ್ತಿದ್ದೇನೆ.

ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೆ. ನಿವೃತ್ತಳಾಗಿ ಮೂರು ವರ್ಷವಾಯಿತು. ಜನರ ಬುದ್ಧಿಯನ್ನು ಅಳೆದು, ಅದಕ್ಕೊಂದು ಅಂಕ ಹಾಕಿ, ಕೆಳಗೆ ಸಹಿ ಮಾಡುವುದು ನನ್ನ ಕೆಲಸದ ಮುಖ್ಯ ಭಾಗ. ಶನಿವಾರಸಂತೆ ಕಡೆ ನನ್ನ ತವರು. ಅಲ್ಲಿಗೆ ಹೋದಾಗಲೆಲ್ಲ ನನ್ನಣ್ಣ, "ಏನವ್ವಾ, ಈ ವಾರ ಎಷ್ಟು ಜನ ದಡ್ಡರು ಸಿಕ್ಕಿದ್ರು?" ಎಂದು ಕೇಳುತ್ತಿದ್ದ. ಸುಮ್ಮನೆ ನಗುತ್ತಿದ್ದೆ. ಪ್ರಶ್ನೆ ತಮಾಷೆಯದಾದರೂ ವಾರದ ಕೊನೆಗೆ ನಾನು ಕಳಿಸುತ್ತಿದ್ದ ಪಟ್ಟಿಯಲ್ಲಿ ಇರುತ್ತಿದ್ದದ್ದು ಹೆಚ್ಚುಕಮ್ಮಿ ಅದೇ.

ಸಲಕರಣೆ ಎಂದರೆ ಒಂದು ಮರದ ಪೆಟ್ಟಿಗೆ. ಅದರಲ್ಲಿ ಕೆಂಪು ಬಿಳಿ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಪ್ರಶ್ನೆಗಳ ಪುಸ್ತಕ, ಒಂದು ಸ್ಟಾಪ್‌ವಾಚ್. ಚಿತ್ರದಲ್ಲಿ ತೋರಿಸಿದಂತೆ ತುಂಡುಗಳನ್ನು ಜೋಡಿಸಬೇಕು, ಬೇಗ ಜೋಡಿಸಿದರೆ ಹೆಚ್ಚು ಅಂಕ. ನನ್ನ ಮೇಲಿದ್ದವರು ಡಾಕ್ಟರ್ ಬೋಪಯ್ಯ, ಮನೋವೈದ್ಯರು. ಎತ್ತರದ ಆಳು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ರೋಗಿಗಳ ಜೊತೆ ಮೆತ್ತಗೆ, ನಮ್ಮ ಜೊತೆ ಗಡುಸು. ಅವರು ಬುದ್ಧಿ ಎಂಬುದು ಒಂದೇ ಎಂದು ನಂಬಿದವರು. ಲೆಕ್ಕದಲ್ಲಿ ಚುರುಕಾದವನು ಭಾಷೆಯಲ್ಲೂ ಸಾಮಾನ್ಯವಾಗಿ ಚುರುಕು, ಎಲ್ಲದರ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯವಿದೆ ಎನ್ನುವ ಹಳೆಯ ಸಿದ್ಧಾಂತ ಅವರದು. "ನಲ್ಲಿ ಎಷ್ಟಾದ್ರೂ ಇರ್ಲಿ ವಿಶಾಲಾ, ನೀರು ಒಂದೇ ಟ್ಯಾಂಕಿಂದು" ಎನ್ನುತ್ತಿದ್ದರು. ನಾನು ಹೊಸಬಳು, ತಲೆಯಾಡಿಸುತ್ತಿದ್ದೆ.

ಆಮೇಲೆ ತರಬೇತಿಗಳು ಶುರುವಾದವು. ಬುದ್ಧಿ ಒಂದಲ್ಲ, ಏಳೆಂಟು ಬಗೆ ಎಂದು ಹೇಳಿಕೊಟ್ಟರು. ಮಾತಿನ ಬುದ್ಧಿ, ಲೆಕ್ಕದ ಬುದ್ಧಿ, ಸಂಗೀತದ್ದು, ಮೈಕೈಯದ್ದು, ಇನ್ನೊಬ್ಬರ ಮನಸ್ಸು ತಿಳಿಯುವುದು, ತನ್ನ ಮನಸ್ಸು ತಿಳಿಯುವುದು, ಗಿಡಮರ ಪ್ರಾಣಿಗಳನ್ನು ಗುರುತಿಸುವುದು, ಹೀಗೆ. ಇನ್ನೊಂದು ಪಂಗಡದವರು, ಹೊಸ ಸಮಸ್ಯೆಯನ್ನು ಆ ಕ್ಷಣದಲ್ಲಿ ಬಿಡಿಸುವ ಬುದ್ಧಿ ಬೇರೆ, ಓದಿ ಅನುಭವಿಸಿ ಕೂಡಿಟ್ಟ ಬುದ್ಧಿ ಬೇರೆ, ವಯಸ್ಸಾದಂತೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ನಿಲ್ಲುತ್ತದೆ ಎಂದರು. ಮೂರನೆಯವರು ದಿನನಿತ್ಯದ ಬದುಕನ್ನು ತೂಗಿಸಿಕೊಂಡು ಹೋಗುವ ವ್ಯವಹಾರಬುದ್ಧಿಯನ್ನು ಪರೀಕ್ಷೆಗಳು ಮುಟ್ಟುವುದೇ ಇಲ್ಲ ಎಂದರು. ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಂದೆ. ಬೋಪಯ್ಯನವರು ಪುಟ ತಿರುವಿ ನೋಡಿ, "ಚೆನ್ನಾಗುಂಟು. ಸರ್ಟಿಫಿಕೇಟಲ್ಲಿ ಇದನ್ನೆಲ್ಲ ಎಲ್ಲಿ ಬರೀತೀಯ?" ಎಂದರು. ಸರ್ಟಿಫಿಕೇಟಿನಲ್ಲಿ ಇದ್ದದ್ದು ಒಂದೇ ಖಾನೆ.

ಎಂಟು ಬಗೆಯ ಬುದ್ಧಿ ಶಾಲೆಗಳಿಗೆ ಬಹಳ ಹಿಡಿಸಿತು. ಪೊನ್ನಂಪೇಟೆ ಕಡೆಯ ಒಂದು ಖಾಸಗಿ ಶಾಲೆ ಪ್ರತಿ ಮಗುವಿಗೂ ಬಣ್ಣದ ಚಾರ್ಟು ಮಾಡಿಸಿ, ಪೋಷಕರ ಸಭೆಗೆ ನನ್ನನ್ನು ಕರೆಯಿತು. ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು, "ಮೇಡಂ, ನನ್ನ ಮಗನಿಗೆ ಗಿಡಮರದ ಬುದ್ಧಿ ಅಂತ ಬಂದುಂಟು. ಇಲ್ಲೇ ಫಾರೆಸ್ಟ್ರಿ ಕಾಲೇಜಲ್ಲಿ ಸೀಟು ಗ್ಯಾರಂಟಿಯಾ?" ಎಂದು ಕೇಳಿದರು. ಹುಡುಗ ಆಗ ಎರಡನೇ ಕ್ಲಾಸು. ಸಭೆ ಅಲ್ಲಿಗೆ ಮುಗಿಯಿತು, ಚಾರ್ಟುಗಳು ಮಾತ್ರ ಗೋಡೆಯ ಮೇಲೆ ಬಹಳ ವರ್ಷ ಇದ್ದವು.

ಚಿತ್ರದ ಕಾರ್ಡುಗಳನ್ನು ಕಥೆಯ ಕ್ರಮದಲ್ಲಿಡುವ ಪರೀಕ್ಷೆಯಲ್ಲಿ ಮೂರ್ನಾಡಿನ ಏಳು ವರ್ಷದ ಹುಡುಗಿ ನನಗೆ ಒಂದು ಪಾಠ ಕಲಿಸಿದಳು. ನಾನು ಕಲಿಯಲಿಲ್ಲ, ಅದು ಬೇರೆ ಮಾತು. ನಾಲ್ಕು ಕಾರ್ಡು. ಒಬ್ಬ ಮನೆಯಿಂದ ಹೊರಡುತ್ತಾನೆ, ಮೋಡ ಕವಿಯುತ್ತದೆ, ಮಳೆಯಲ್ಲಿ ನೆನೆಯುತ್ತಾನೆ, ಕೊಡೆ ಹಿಡಿದು ನಡೆಯುತ್ತಾನೆ. ಕ್ರಮ ಇದು. ಆಕೆ ಕೊಡೆ ಹಿಡಿದವನನ್ನು ಮೊದಲಿಟ್ಟು, ನೆನೆದವನನ್ನು ಕೊನೆಗಿಟ್ಟಳು. ಯಾಕಮ್ಮಾ ಎಂದರೆ, "ಕೊಡೆ ಇಲ್ಲದೆ ಯಾರು ಹೊರಗೆ ಹೋಗ್ತಾರೆ? ಗಾಳಿಗೆ ಕೊಡೆ ಹಾರಿಹೋಯ್ತು, ಆಮೇಲೆ ನೆಂದ್ರು" ಎಂದಳು. ಜುಲೈ ತಿಂಗಳು, ಅವಳು ಆಸ್ಪತ್ರೆಗೆ ಬಂದದ್ದೇ ಹಾಗೆ ನೆನೆದುಕೊಂಡು. ಅಂಕದ ಪುಸ್ತಕ ನೋಡಿದೆ, ಆ ಕ್ರಮಕ್ಕೆ ಸೊನ್ನೆ ಎಂದಿತ್ತು. ಸೊನ್ನೆ ಹಾಕಿ ಅವಳಿಗೊಂದು ಚಾಕೊಲೇಟು ಕೊಟ್ಟೆ. ಉಳಿದದ್ದರಲ್ಲಿ ಚೆನ್ನಾಗಿ ಮಾಡಿದ್ದರಿಂದ ಅವಳಿಗೆ ತೊಂದರೆಯೇನೂ ಆಗಲಿಲ್ಲ. ತೊಂದರೆಯಾಗಿದ್ದರೆ ನಾನು ಎಚ್ಚೆತ್ತುಕೊಳ್ಳುತ್ತಿದ್ದೆನೋ ಏನೋ.

ಈಗ ರಾಸಾತಿಯ ವಿಷಯಕ್ಕೆ ಬರುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ.

ಪಾಲಿಬೆಟ್ಟದ ಕಡೆಯ ಒಂದು ದೊಡ್ಡ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದ ತಮಿಳು ಹೆಂಗಸು ಅವಳು. ವಯಸ್ಸು ಇಪ್ಪತ್ತಾರು ಇಪ್ಪತ್ತೇಳು. ಗಂಡ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತಿದ್ದ. ಅದಾಗಿ ನಾಲ್ಕೈದು ತಿಂಗಳಾದರೂ ಅವಳು ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾಲ್ಕು ವರ್ಷದ ಮಗಳೊಬ್ಬಳಿದ್ದಳು. ಮಗುವಿನ ತಲೆ ಬಾಚಿರುವುದಿಲ್ಲ, ತಾಯಿಗೆ ಏನು ಕೇಳಿದರೂ ನೆಲ ನೋಡುತ್ತಾಳೆ, ಇವಳಿಗೆ ಬುದ್ಧಿ ಸರಿಯಿಲ್ಲ ಎಂದು ಯಾರೋ ಮಕ್ಕಳ ವಿಷಯ ನೋಡಿಕೊಳ್ಳುವ ಸಮಿತಿಗೆ ಬರೆದರು. ಸಮಿತಿಯವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. ಮಗುವನ್ನು ಸಾಕುವಷ್ಟು ಬುದ್ಧಿ ತಾಯಿಗೆ ಇದೆಯೋ ಇಲ್ಲವೋ? ಇದೆ ಎಂದರೆ ಮಗು ಲೈನಿನಲ್ಲಿ ಉಳಿಯುತ್ತದೆ, ಇಲ್ಲ ಎಂದರೆ ಮಕ್ಕಳ ಮನೆಗೆ ಹೋಗುತ್ತದೆ.

ಅವಳನ್ನು ಎಸ್ಟೇಟಿನ ಜೀಪಿನಲ್ಲಿ ಕರೆತಂದವನು ಬಾಬು. ಅವನು ಅಲ್ಲಿನ ರೈಟರು. ರೈಟರು ಎಂದರೆ ಹಾಜರಿ ಹಿಡಿಯುವವನು, ಕೆಲಸ ಹಂಚುವವನು, ಲೈನಿನವರಿಗೆ ಮೇಲಿನವರ ಮಾತನ್ನೂ ಮೇಲಿನವರಿಗೆ ಲೈನಿನವರ ಮಾತನ್ನೂ ಮುಟ್ಟಿಸುವವನು. ಬಾಬು ಮಲಯಾಳಿ, ತಮಿಳು ಚೆನ್ನಾಗಿ ಬರುತ್ತಿತ್ತು, ಒಳ್ಳೆಯ ಮನುಷ್ಯ. ರಾಸಾತಿಯ ಕನ್ನಡ ಅರೆಬರೆ, ನನ್ನ ತಮಿಳು ಅದಕ್ಕಿಂತ ಕಡೆ. ಹಾಗಾಗಿ ಬಾಬುವನ್ನೇ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಪರೀಕ್ಷೆ ಶುರು ಮಾಡಿದೆ. ಅನುಕೂಲವಾಯಿತು ಎಂದೇ ಅಂದುಕೊಂಡೆ.

ಮರದ ತುಂಡುಗಳನ್ನು ಅವಳು ಕೈಯಲ್ಲಿ ಮುಟ್ಟಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದು ಒಂದೊಂದಾಗಿ ಇಟ್ಟಳು. ಸರಿಯಾಗಿಯೇ ಇಟ್ಟಳು, ಆದರೆ ಸ್ಟಾಪ್‌ವಾಚು ಓಡುತ್ತಿತ್ತು. 'ಕೈಚಲನೆ ಬಹಳ ನಿಧಾನ' ಎಂದು ಬರೆದುಕೊಂಡೆ. ಕಾಫಿ ಕೊಯ್ಯುವ ಪಿಕಿಂಗ್ ಕಾಲ, ಹಣ್ಣಿನ ಅಂಟಿನಿಂದ ಅಂಗೈಯೆಲ್ಲ ಕಪ್ಪಾಗಿತ್ತು, ನನ್ನ ಬಿಳಿ ತುಂಡುಗಳಿಗೆ ಕರೆಯಾಗಬಾರದೆಂದು ಅವಳು ಹಾಗೆ ಮಾಡಿದಳು ಎನ್ನುವುದು ಎದುರಿಗೇ ಇದ್ದರೂ ನನಗೆ ಕಾಣಲಿಲ್ಲ.

ಆಮೇಲೆ ವಿವೇಚನೆಯ ಪ್ರಶ್ನೆಗಳು. ಇಂಥಿಂಥ ಸಂದರ್ಭದಲ್ಲಿ ನೀನು ಏನು ಮಾಡುತ್ತೀಯ ಎನ್ನುವಂಥವು.

"ಪಕ್ಕದ ಮನೆಯಿಂದ ಹೊಗೆ ಬರ್ತಾ ಇದೆ. ಏನ್ ಮಾಡ್ತೀಯ?"

"ರೈಟ್ರಿಗೆ ಹೇಳ್ತೀನಿ."

"ದಾರೀಲಿ ಯಾರದೋ ಪರ್ಸು ಬಿದ್ದಿದೆ."

"ರೈಟ್ರ ಹತ್ರ ಕೊಡ್ತೀನಿ."

"ಗೊತ್ತಿಲ್ಲದ ಊರಲ್ಲಿ ದಾರಿ ತಪ್ಪಿತು."

ಸ್ವಲ್ಪ ಯೋಚಿಸಿ, "ರೈಟ್ರು ಬರೋತನ ಅಲ್ಲೇ ನಿಲ್ತೀನಿ" ಎಂದಳು.

"ಮಗೂಗೆ ಜೋರು ಜ್ವರ ಬಂತು."

"ರೈಟ್ರಿಗೆ ಹೇಳ್ತೀನಿ."

ಬಾಬು ಮುಜುಗರದಿಂದ ಅತ್ತಿತ್ತ ನೋಡಿದ. ಪುಸ್ತಕದ ಪ್ರಕಾರ ಇನ್ನೊಬ್ಬರ ಮೇಲೆ ಹಾಕುವ ಉತ್ತರಕ್ಕೆ ಅಂಕವಿಲ್ಲ. ಹತ್ತು ಪ್ರಶ್ನೆಗೆ ಹತ್ತು ಸೊನ್ನೆ. ಒಟ್ಟು ಅಂಕ ಬುದ್ಧಿಮಾಂದ್ಯತೆಗೆ ಹಾಕಿದ ಎಪ್ಪತ್ತರ ಗೆರೆಯ ಕೆಳಗೆ ಬಂತು. ಅಂಕದ ಜೊತೆ ದಿನನಿತ್ಯದ ಬದುಕನ್ನು ಹೇಗೆ ನಡೆಸುತ್ತಾರೆ ಎಂದು ನೋಡಬೇಕೆಂದು ನಿಯಮ ಆಗಲೂ ಇತ್ತು. ಆದರೆ ಅದಕ್ಕೆ ಮನೆಗೆ ಹೋಗಬೇಕು, ನೆರೆಯವರನ್ನು ಕೇಳಬೇಕು. ನನ್ನ ಮೇಜಿನ ಮೇಲೆ ಇನ್ನೂ ಹದಿನಾಲ್ಕು ಫೈಲುಗಳಿದ್ದವು. 'ಸೌಮ್ಯ ಬುದ್ಧಿಮಾಂದ್ಯತೆ. ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯವಿಲ್ಲ' ಎಂದು ಬರೆದು ಸಹಿ ಮಾಡಿದೆ. ಬೋಪಯ್ಯನವರೂ ಮಾಡಿದರು. ಮಗುವನ್ನು ಬೇರೆ ಜಿಲ್ಲೆಯ ಒಂದು ಮಕ್ಕಳ ಮನೆಗೆ ಕಳಿಸಿದರೆಂದು ಆಮೇಲೆ ಕಾಗದ ಬಂತು. ಫೈಲಿಗೆ ಸೇರಿಸಿದೆ. ಅವತ್ತು ನಿದ್ದೆ ಬರಲಿಲ್ಲ ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ.

ಐದಾರು ತಿಂಗಳ ನಂತರ ಅದೇ ಎಸ್ಟೇಟಿನಲ್ಲಿ ಆರೋಗ್ಯ ಶಿಬಿರ. ಕಾಫಿ ಒಣಗಿಸುವ ಕಣದ ಒಂದು ಬದಿಯಲ್ಲಿ ಶಾಮಿಯಾನ ಹಾಕಿದ್ದರು. ಆ ಹೊತ್ತಿಗೆ ನಾನು ಪ್ರಶ್ನೆಗಳನ್ನು ತಮಿಳಿಗೆ ಮಾಡಿಸಿಕೊಂಡಿದ್ದೆ. ಮಾಡಿಕೊಟ್ಟವರು ನಮ್ಮ ನರ್ಸ್ ಲೀಲಾ ಸಿಸ್ಟರ್, ಅವರ ಮನೆಮಾತು ತಮಿಳು. ಭಾಷೆ ಅರ್ಥವಾಗುತ್ತದೋ ಇಲ್ಲವೋ ನೋಡೋಣ ಎಂದು, ಊಟದ ಬಿಡುವಿನಲ್ಲಿ ಕೂತಿದ್ದ ಹೆಂಗಸರಿಗೆ ಸಿಸ್ಟರ್ ಕೈಯಲ್ಲಿ ನಾಲ್ಕು ಪ್ರಶ್ನೆ ಓದಿಸಿದೆ. ಏಳೆಂಟು ಜನ ಇದ್ದರು, ರಾಸಾತಿ ಇರಲಿಲ್ಲ.

ಪಕ್ಕದ ಮನೆಯಿಂದ ಹೊಗೆ ಬಂದರೆ? ರೈಟ್ರಿಗೆ ಹೇಳ್ತೇವೆ. ಪರ್ಸು ಸಿಕ್ಕಿದರೆ? ರೈಟ್ರಿಗೆ. ಮಗುವಿಗೆ ಜ್ವರ ಬಂದರೆ? ಎಲ್ಲರೂ ಒಟ್ಟಿಗೆ, ರೈಟ್ರಿಗೆ. ಹೇಳಿ ಹೇಳಿ ಅವರಿಗೇ ನಗು ಬಂತು.

"ಇದೆಂಥ ಪರೀಕ್ಷೆ ಮೇಡಂ? ಎಲ್ಲಕ್ಕೂ ಒಂದೇ ಉತ್ತರ" ಎಂದಳು ವಯಸ್ಸಾದವಳೊಬ್ಬಳು. ಬಾಯಲ್ಲಿ ಎಲೆಯಡಿಕೆ, ಅವಳ ಕನ್ನಡ ಚೆನ್ನಾಗಿತ್ತು.

"ರೈಟ್ರಿಗೇ ಯಾಕೆ ಹೇಳ್ಬೇಕು? ನೀವೇ ಆಸ್ಪತ್ರೆಗೆ ಹೋಗ್ಬಹುದಲ್ಲ?"

"ಜೀಪು ಅವ್ರ ಹತ್ರ. ಔಷಧಿ ಪೆಟ್ಟಿಗೆ ಬೀಗದಕೈ ಅವ್ರ ಹತ್ರ. ಮೊಬೈಲ್ ಉಂಟು, ಲೈನಲ್ಲಿ ಸಿಗ್ನಲ್ ಎಲ್ಲುಂಟು? ಅವ್ರಿಗೆ ಹೇಳ್ದೆ ಗೇಟು ದಾಟಿದ್ರೆ ನಾಳೆ ಅದಕ್ಕೊಂದು ಮಾತು ಕೇಳ್ಬೇಕು. ಹೊಸದಾಗಿ ಬಂದವ್ರಿಗೆ ನಾವು ಮೊದ್ಲು ಹೇಳಿಕೊಡೋದೇ ಇದು. ಬುದ್ಧಿ ಇದ್ದವ್ರು ರೈಟ್ರಿಗೆ ಹೇಳ್ತಾರೆ. ಬುದ್ಧಿ ಇಲ್ಲದವ್ರು ತಾವೇ ಓಡ್ತಾರೆ."

ಆ ಏಳೆಂಟು ಜನರಿಗೂ ನನ್ನ ಪುಸ್ತಕದ ಪ್ರಕಾರ ಸೊನ್ನೆ. ಇಡೀ ಲೈನಿಗೇ ಬುದ್ಧಿಮಾಂದ್ಯತೆಯ ಸರ್ಟಿಫಿಕೇಟು ಬರೆದುಕೊಡಬಹುದಿತ್ತು. ಅಲ್ಲಿಯೇ ನಿಂತಿದ್ದ ಬಾಬುವನ್ನು ಪಕ್ಕಕ್ಕೆ ಕರೆದು, ಲೈನಿನಲ್ಲಿ ಬೆಂಕಿ ಬಿದ್ದರೆ ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ತಡವರಿಸದೆ, "ಮ್ಯಾನೇಜರಿಗೆ ಹೇಳ್ತೇನೆ ಮೇಡಂ" ಎಂದ.

ವಾಪಸು ಬರುವಾಗ ವ್ಯಾನಿನಲ್ಲಿ ಲೀಲಾ ಸಿಸ್ಟರ್ ಇದನ್ನೇ ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಅಮ್ಮತ್ತಿ ದಾಟುವಷ್ಟರಲ್ಲಿ ನಗು ನಿಂತಿತು. ನನ್ನ ವರದಿ ತಪ್ಪು, ಒಂದು ಮಗು ಬೇರೆ ಊರಿನಲ್ಲಿದೆ. ಈಗ ನೀನು ಏನು ಮಾಡುತ್ತೀಯ ಎಂದು ನನ್ನನ್ನೇ ಕೇಳಿಕೊಂಡೆ. ತಕ್ಷಣ ಬಂದ ಉತ್ತರ, ಡಾಕ್ಟರಿಗೆ ಹೇಳುತ್ತೇನೆ ಎಂದು. ನಾಚಿಕೆಯಾಯಿತು. ಇಪ್ಪತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ನಾಚಿಕೆಯಾದರೂ ಹೇಳಿದ್ದು ಡಾಕ್ಟರಿಗೇ, ಬೇರೆ ದಾರಿ ಇರಲಿಲ್ಲ. ಬೋಪಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಟೆಸ್ಟು ತಪ್ಪು ಅಂತೀಯ?"

"ಟೆಸ್ಟು ಇದ್ದ ಹಾಗೇ ಇದೆ ಸರ್. ನಾನು ರೈಟರನ್ನು ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ದು ತಪ್ಪು. ಅವ್ರ ಎದುರಿಗೇ ಬೇರೆ ಉತ್ತರ ಹೇಳೋಕೆ ಅವಳಿಗೆ ಸಾಧ್ಯಾನೇ ಇರ್ಲಿಲ್ಲ. ಮನೆಗೆ ಹೋಗಿ ನೋಡದೆ ಬರೆದದ್ದು ಇನ್ನೊಂದು ತಪ್ಪು."

"ನೀನೇ ಬರೆದ ರಿಪೋರ್ಟು ತಪ್ಪು ಅಂತ ನೀನೇ ಬರೆದ್ರೆ ಎಂಥ ಆಗ್ತದೆ ಗೊತ್ತುಂಟಾ? ನಿನ್ನ ಹಳೇ ರಿಪೋರ್ಟೆಲ್ಲ ಬಿಚ್ಚಿಸ್ತಾರೆ. ಕೆಳಗೆ ನನ್ನ ಸಹಿಯೂ ಉಂಟು."

"ಗೊತ್ತು ಸರ್."

ಅವರು ಫೈಲು ತೆಗೆದು ತಮ್ಮ ಸಹಿಯನ್ನು ನೋಡಿದರು. ಸಿಟ್ಟು ಬಂದಿತ್ತು, ನನ್ನ ಮೇಲೋ ತಮ್ಮ ಮೇಲೋ ತಿಳಿಯಲಿಲ್ಲ. ಕೊನೆಗೆ, "ಮರುಪರೀಕ್ಷೆ ಅಂತ ಕಾಗದ ಮಾಡು. ಮೊದ್ಲು ನಾನು ಸಹಿ ಮಾಡ್ತೇನೆ" ಎಂದರು. ಟ್ಯಾಂಕು ಒಂದೇ ಎನ್ನುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಆ ಕಾಗದಕ್ಕೆ ಮೊದಲು ಸಹಿ ಹಾಕಿದವರು ಅವರು, ಅದನ್ನು ನಾನು ಮರೆಯುವ ಹಾಗಿಲ್ಲ. ಹಳೆಯ ವರದಿಗಳನ್ನು ಬಿಚ್ಚಿಸಿದ್ದೂ ನಿಜ. ಅದು ನನ್ನ ಸರ್ವೀಸಿನ ಕೆಟ್ಟ ವರ್ಷ. ಇನ್ನೂ ಎರಡು ವರದಿ ತಿದ್ದಬೇಕಾಯಿತು.

ಮರುಪರೀಕ್ಷೆಗೆ ರಾಸಾತಿಯನ್ನು ಬಾಬುವೇ ಕರೆತಂದ. ಅವನನ್ನು ಹೊರಗೆ ಕೂರಿಸಿ, ಲೀಲಾ ಸಿಸ್ಟರನ್ನು ಒಳಗೆ ಕೂರಿಸಿಕೊಂಡೆ. ಕೈತೊಳೆಯಲು ಸೋಪು ಕೊಟ್ಟೆ, ಕರೆಯಾದರೂ ಪರವಾಗಿಲ್ಲ ಎಂದೆ. ತುಂಡುಗಳನ್ನು ಸರಸರನೆ ಜೋಡಿಸಿದಳು. ಆಮೇಲೆ ಪುಸ್ತಕ ತೆರೆದು, ಪಕ್ಕದ ಮನೆಯಿಂದ ಹೊಗೆ ಬರುತ್ತಿದೆ, ನೀನು ಏನು ಮಾಡುತ್ತೀಯ ಎಂದು ಸಿಸ್ಟರ್ ತಮಿಳಿನಲ್ಲಿ ಕೇಳಿದರು.

ರಾಸಾತಿ ಸಿಸ್ಟರನ್ನು ಬಿಟ್ಟು ನನ್ನನ್ನೇ ನೋಡಿ, ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು.

"ಹೋದ ಸಲಿ ಎಲ್ಲಾದ್ಕೂ ರೈಟ್ರು ಅಂದೆ. ಪಾಪಾನ ಕೊಂಡೋದ್ರಿ. ಈ ಸಲಿ ಯಾರ ಹೆಸ್ರು ಹೇಳ್ಬೇಕು, ನೀವೇ ಹೇಳಿ ಮೇಡಂ. ಅದೇ ಹೇಳ್ತೀನಿ."

ಸ್ಟಾಪ್‌ವಾಚು ನಿಲ್ಲಿಸಿದೆ. ಎದುರಿಗೆ ಕೂತವರಿಗೆ ಏನು ಬೇಕೆಂದು ತಿಳಿಯುವುದು, ತಾನು ಎಲ್ಲಿ ಸೋತೆ ಎಂದು ಹಿಂತಿರುಗಿ ನೋಡುವುದು, ಅದರಿಂದ ದಾರಿ ಬದಲಿಸುವುದು, ಇವೆಲ್ಲ ಬುದ್ಧಿಯ ಲಕ್ಷಣಗಳೆಂದು ನಾನು ಬರೆದುಕೊಂಡಿದ್ದ ಪ್ರತಿಯೊಂದು ಸಿದ್ಧಾಂತವೂ ಒಪ್ಪುತ್ತದೆ. ಅಂಕದ ಪುಸ್ತಕದಲ್ಲಿ ಮಾತ್ರ ಆ ಉತ್ತರಕ್ಕೆ ಜಾಗವಿರಲಿಲ್ಲ. ಅವಳ ಮಾತನ್ನು ಹಾಗೆಯೇ, ಒಂದಕ್ಷರ ತಿದ್ದದೆ, ವರದಿಯ ಮೊದಲ ಪುಟದಲ್ಲಿ ಬರೆದೆ. ಅವಳಿಗೆ ಯಾರ ಹೆಸರನ್ನೂ ಹೇಳಬೇಕಾಗಿಲ್ಲ ಎಂದು ಸಿಸ್ಟರ್ ಸಮಾಧಾನ ಮಾಡಿ ಮುಂದುವರಿಸಿದರು. ಮರುದಿನ ಲೈನಿಗೆ ಹೋಗಿ ಅವಳ ಮನೆ, ಒಲೆ, ನೀರು ತುಂಬಿಸಿಟ್ಟ ರೀತಿ, ನೆರೆಯವರ ಮಾತು ಎಲ್ಲವನ್ನೂ ನೋಡಿ ಬರೆದುಕೊಂಡೆ. ಮೂಲೆಯಲ್ಲಿ ಮಗುವಿನ ಎರಡು ಫ್ರಾಕು ಒಗೆದು ಮಡಿಸಿಟ್ಟಿತ್ತು. ಒಟ್ಟು ಅಂಕ ಗೆರೆಗಿಂತ ಸಾಕಷ್ಟು ಮೇಲೆ ಬಂತು.

ಕಾಗದಪತ್ರ ಓಡಾಡಿ, ಮಗುವನ್ನು ತಾಯಿಗೆ ಒಪ್ಪಿಸುವ ಆದೇಶ ಬರಲು ಮತ್ತೆ ನಾಲ್ಕೈದು ತಿಂಗಳು ಹಿಡಿಯಿತು. ಈಗಿನ ಸರ್ಟಿಫಿಕೇಟಿನ ನಮೂನೆಯಲ್ಲಿ ಖಾನೆಗಳು ಹೆಚ್ಚಿವೆ, ಟ್ಯಾಬ್ಲೆಟ್‌ನಲ್ಲಿ ಅಂಕ ತಾನೇ ಕೂಡಿಕೊಳ್ಳುತ್ತದೆ. ಅದನ್ನು ನೋಡಿ ನಿಶ್ಚಿಂತರಾಗಬೇಡಿ ಎನ್ನುವುದಷ್ಟೇ ಹೊಸಬರಿಗೆ ನನ್ನ ಮಾತು. ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಟ್ಯಾಬ್ಲೆಟ್ ಕೇಳುವುದಿಲ್ಲ.

ಮಗುವನ್ನು ಒಪ್ಪಿಸುವ ದಿನ ನಾನೂ ಸಮಿತಿಯ ಕಚೇರಿಗೆ ಹೋಗಿದ್ದೆ, ಯಾರೂ ಕರೆದಿರಲಿಲ್ಲ. ರಾಸಾತಿ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿದ್ದಳು, ಬಾಬು ಪಕ್ಕದಲ್ಲಿ ನಿಂತಿದ್ದ. ಮಗು ಬಂತು. ತಲೆ ನೀಟಾಗಿ ಬಾಚಿ ಎರಡು ಜಡೆ ಹಾಕಿದ್ದರು. ಎತ್ತರವಾಗಿದ್ದಳು. ತಾಯಿಯ ಎದುರು ನಿಂತು ಒಮ್ಮೆ ಮುಖ ನೋಡಿದಳು, ಆಮೇಲೆ ಒಂದು ಕಾಲು ಮುಂದೆ ಚಾಚಿ, "ಆಂಟಿ, ನನ್ನ ಚಪ್ಪಲಿ ಬಿಚ್ಚೋಗಿದೆ" ಎಂದಳು. ಮಕ್ಕಳ ಮನೆಯಲ್ಲಿ ನೋಡಿಕೊಳ್ಳುವವರನ್ನೆಲ್ಲ ಹಾಗೇ ಕರೆಯುತ್ತಾರೆ.

ರಾಸಾತಿ ಕೆಳಗೆ ಕೂತು, ಸೆರಗಿನಿಂದ ಮಗುವಿನ ಪಾದದ ಧೂಳು ಒರೆಸಿ, ಚಪ್ಪಲಿಯ ಪಟ್ಟಿ ಹಾಕಿದಳು. ಬಾಬುವಿಗೆ ತಡೆಯಲಾಗಲಿಲ್ಲ. ಬಗ್ಗಿ ಮಗುವಿನ ಭುಜ ಹಿಡಿದು, "ಆಂಟಿ ಅಲ್ಲ ಪಾಪಾ, ಅಮ್ಮ. ಎಲ್ಲಿ, ಅಮ್ಮಾ ಅಂತ ಹೇಳು" ಎಂದ.

"ಬೇಡ ರೈಟ್ರೇ" ಎಂದಳು ರಾಸಾತಿ, ತಲೆ ಎತ್ತದೆ. "ಅವಳಿಗೆ ಹೇಳಿಕೊಡ್ಬೇಡಿ. ಅವಳೇ ಹೇಳೋತನ ನಾನು ಇರ್ತೀನಿ."